ಹೆರಿಗೆ ಆದ ಮೇಲೂ ಮುಗಿಯದ ಶುಗರ್: ಶಿಡ್ಲಘಟ್ಟದ ಒಬ್ಬ ತಾಯಿಯ ಪ್ರಕರಣ

ಈ ತಾಯಿಗೆ ಆಗ 27 ವರ್ಷ. ಊರು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಗಂಡನ ಮನೆಯಲ್ಲಿ ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ರೇಷ್ಮೆ ಹುಳದ ಮನೆ, ಎರಡು ಸೀಮೆ ಹಸು. ಮೊದಲನೆಯದು ಗಂಡು ಮಗು, ನಾಲ್ಕು ವರ್ಷದ್ದು. ಇದು ಎರಡನೇ ಬಸಿರು. ತವರು ಚಿಂತಾಮಣಿ ಕಡೆ. ಗುರುತು ಸಿಗಬಾರದು ಅಂತ ಹೆಸರು ಬರೆದಿಲ್ಲ, ಕೆಲವು ವಿವರ ಬದಲಿಸಿದ್ದೇನೆ.

ನಾನು ಚಿಕ್ಕಬಳ್ಳಾಪುರದಲ್ಲಿ ಬಸುರಿಯರಿಗೆ, ಬಾಣಂತಿಯರಿಗೆ ಊಟದ ಬಗ್ಗೆ, ಹಾಲು ಕುಡಿಸುವ ಬಗ್ಗೆ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ಬಸಿರಿನಲ್ಲಿ ಶುಗರ್ ಬಂದವರು ಹೆರಿಗೆ ತನಕ ತಪ್ಪದೆ ಬರುತ್ತಾರೆ. ಹೆರಿಗೆ ಆದ ಮೇಲೆ ಮಗುವಿನ ಚುಚ್ಚುಮದ್ದಿಗೆ ಬರುತ್ತಾರೆ. ತಮಗಾಗಿ ಬರುವವರು ತುಂಬಾ ಕಡಿಮೆ. ಈ ತಾಯಿಯ ಶುಗರ್ ಹೆರಿಗೆ ಆದ ಎರಡು ವರ್ಷದ ನಂತರ ಎಲ್ಲಿಗೆ ಬಂತು ಅಂತ ನೋಡಲು ಆಯಿತು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಬಸಿರಿನಲ್ಲಿ ಕಂಡದ್ದು

ಮೊದಲ ತಪಾಸಣೆಯಲ್ಲಿ ಗ್ಲೂಕೋಸ್ ಕುಡಿಸಿ ನೋಡಿದಾಗ 124 ಬಂದಿತ್ತು. ಏನೂ ತೊಂದರೆ ಇರಲಿಲ್ಲ. 26ನೇ ವಾರದಲ್ಲಿ ಮತ್ತೆ ನೋಡಿದಾಗ 171.

ನಮ್ಮ ದೇಶದಲ್ಲಿ ಈ ಪರೀಕ್ಷೆ ಸರಳ. 75 ಗ್ರಾಂ ಗ್ಲೂಕೋಸ್ ನೀರಿಗೆ ಹಾಕಿ ಕುಡಿಯಬೇಕು, ಎರಡು ಗಂಟೆ ಬಿಟ್ಟು ಒಂದು ಸಲ ರಕ್ತ ಕೊಡಬೇಕು. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗರ್ಭಾವಸ್ಥೆಯ ಮಧುಮೇಹ ಅಂತ ಲೆಕ್ಕ. ಊಟ ಮಾಡಿದ್ದರೂ ಪರವಾಗಿಲ್ಲ, ಬರಿಹೊಟ್ಟೆಯಲ್ಲೇ ಬರಬೇಕು ಅಂತಿಲ್ಲ. ಎರಡು ಬಸ್ಸು ಹತ್ತಿ ಬರುವ ಬಸುರಿಗೆ ಇದು ಎಷ್ಟು ಅನುಕೂಲ ಅಂತ ಬಿಡಿಸಿ ಹೇಳಬೇಕಿಲ್ಲ. ಈ ವಿಧಾನಕ್ಕಾಗಿ ವರ್ಷಗಟ್ಟಲೆ ದುಡಿದವರು ಚೆನ್ನೈನ ಡಾ. ವಿ. ಶೇಷಯ್ಯ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲೂ ಇದೇ ಇದೆ. ಮೊದಲ ಭೇಟಿಯಲ್ಲಿ ಒಂದು ಸಲ, 24ರಿಂದ 28 ವಾರದೊಳಗೆ ಇನ್ನೊಂದು ಸಲ ಪರೀಕ್ಷೆ ಮಾಡಬೇಕು. ಈ ತಾಯಿಗೆ ಎರಡನೇ ಸಲ ಮಾಡದೇ ಇದ್ದಿದ್ದರೆ ವಿಷಯ ಗೊತ್ತೇ ಆಗುತ್ತಿರಲಿಲ್ಲ.

ಆಕೆಯ ತಾಯಿಗೆ ಸಕ್ಕರೆ ಕಾಯಿಲೆ ಇದೆ. ಮೊದಲ ಮಗು ಹುಟ್ಟಿದಾಗ 3.9 ಕೆಜಿ ಇತ್ತು. ಆಗ ಮನೆಯವರೆಲ್ಲ "ಎಷ್ಟು ಮುದ್ದಾಗಿ ತುಂಬಿಕೊಂಡಿದೆ" ಅಂತ ಖುಷಿಪಟ್ಟಿದ್ದರಂತೆ. ಆ ಬಸಿರಿನಲ್ಲಿ ಎರಡನೇ ಪರೀಕ್ಷೆ ಆಗಿರಲಿಲ್ಲ.

ಎರಡು ವಾರ ಊಟದಲ್ಲಿ ಹಿಡಿತ ಮಾಡಿದರು. ಆದರೂ ಊಟವಾಗಿ ಎರಡು ಗಂಟೆಗೆ 140ರ ಆಸುಪಾಸಿನಲ್ಲೇ ಇತ್ತು. 120ರ ಒಳಗೆ ಇರಬೇಕಿತ್ತು. ಡಾಕ್ಟರು ಇನ್ಸುಲಿನ್ ಶುರು ಮಾಡಿದರು. ಗಂಡ ಚುಚ್ಚುವುದನ್ನು ಕಲಿತುಕೊಂಡರು. ಹೆರಿಗೆ ತನಕ ಒಂದು ದಿನವೂ ತಪ್ಪಿಸಲಿಲ್ಲ.

ಇಲ್ಲೊಂದು ವಿಷಯ ಅರ್ಥವಾಗಬೇಕು. ಬಸಿರಿನಲ್ಲಿ ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಮಗುವಿಗೆ ಗ್ಲೂಕೋಸ್ ಸಾಕಷ್ಟು ಸಿಗಲಿ ಅನ್ನುವುದಕ್ಕೆ ದೇಹ ಮಾಡಿಕೊಂಡ ಏರ್ಪಾಡು ಅದು. ಎಲ್ಲ ಬಸುರಿಯರಲ್ಲೂ ಇದು ಆಗುತ್ತದೆ. ಹೆಚ್ಚಿನವರ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ. ಯಾರಲ್ಲಿ ಆ ಶಕ್ತಿ ಮೊದಲೇ ಕಡಿಮೆ ಇದೆಯೋ ಅವರಿಗೆ ಶುಗರ್ ಏರುತ್ತದೆ. ಹೆರಿಗೆಯಾಗಿ ಮಾಸು ಹೊರಗೆ ಬಿದ್ದ ಕೂಡಲೇ ಅಡ್ಡಿ ಹೋಗುತ್ತದೆ, ಒಂದೆರಡು ದಿನದಲ್ಲಿ ಶುಗರ್ ಇಳಿಯುತ್ತದೆ. ಗ್ರಂಥಿಯ ಶಕ್ತಿ ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ ಇರುತ್ತದೆ. "ಹೆರಿಗೆ ಆಯ್ತು, ಶುಗರ್ ಹೋಯ್ತು" ಅನ್ನುವ ಮಾತು ಅದಕ್ಕೇ ಅರ್ಧ ಮಾತ್ರ ನಿಜ.

ಮೊದಲ ನಾಲ್ಕು ದಿನ

38ನೇ ವಾರ ಮುಗಿದ ಮೇಲೆ, ನವೆಂಬರಿನಲ್ಲಿ, ತವರಿನ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಸಿಸೇರಿಯನ್ ಆಯಿತು. ಹೆಣ್ಣು ಮಗು, 3.6 ಕೆಜಿ. ಹುಟ್ಟಿದ ಒಂದು ಗಂಟೆಗೆ ಮಗುವಿನ ಶುಗರ್ 41 ಇತ್ತು. 45ಕ್ಕಿಂತ ಕೆಳಗೆ ಹೋಗಬಾರದು.

ತಾಯಿಯ ರಕ್ತದಲ್ಲಿ ಶುಗರ್ ಜಾಸ್ತಿ ಇದ್ದಾಗ ಹೊಟ್ಟೆಯೊಳಗಿನ ಮಗುವೂ ಜಾಸ್ತಿ ಇನ್ಸುಲಿನ್ ಮಾಡಿಕೊಳ್ಳುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದಾಗ ಗ್ಲೂಕೋಸ್ ನಿಲ್ಲುತ್ತದೆ, ಇನ್ಸುಲಿನ್ ಕೂಡಲೇ ನಿಲ್ಲುವುದಿಲ್ಲ. ಆಗ ಮಗುವಿನ ಶುಗರ್ ಕುಸಿಯುತ್ತದೆ. ಇದಕ್ಕೆ ಮೊದಲ ಉಪಾಯ ಎದೆಹಾಲು. ಮಗುವನ್ನು ತಾಯಿಯ ಎದೆಗೆ ಬೆತ್ತಲೆಯಾಗಿ ಅವುಚಿಡಬೇಕು, ಮೊದಲ ಗಂಟೆಯೊಳಗೇ ಕುಡಿಸಬೇಕು, ಆಮೇಲೆ ಮತ್ತೆ ಶುಗರ್ ನೋಡಬೇಕು. ಆಗಲೂ ಏರದಿದ್ದರೆ ಮುಂದಿನ ಚಿಕಿತ್ಸೆ.

ಇಲ್ಲಿ ಹಾಗಾಗಲಿಲ್ಲ. ತಾಯಿಯನ್ನು ಒಂದು ಕೋಣೆಯಲ್ಲಿ ಮಲಗಿಸಿ ಮಗುವನ್ನು ಇನ್ನೊಂದರಲ್ಲಿಟ್ಟರು. ಬಾಟಲಿಯಲ್ಲಿ ಪುಡಿ ಹಾಲು ಕೊಟ್ಟರು. ಶುಗರ್ ಏರಿತು, ಅದು ಒಳ್ಳೆಯದೇ. ಆದರೆ ಮಗುವಿನ ಶುಗರ್ ಸರಿಯಾದ ಮೇಲೂ ಬಾಟಲಿ ಮುಂದುವರಿಯಿತು. ಮನೆಗೆ ಹೋಗುವಾಗ ಒಂದು ಡಬ್ಬ ತೆಗೆದುಕೊಳ್ಳಿ ಅಂದರಂತೆ. ಶಿಶು ಹಾಲಿನ ಪುಡಿ ಮತ್ತು ಬಾಟಲಿಯ ಪ್ರಚಾರ ಮಾಡುವುದನ್ನು, ಪುಕ್ಕಟೆ ಡಬ್ಬ ಹಂಚುವುದನ್ನು ನಮ್ಮ ದೇಶ 1992ರ ಕಾಯ್ದೆಯಲ್ಲೇ ನಿಷೇಧಿಸಿದೆ. ನಿಜವಾಗಿ ಬೇಕಾದ ಮಗುವಿಗೆ ಪುಡಿ ಹಾಲು ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬೇಕಾ ಬೇಡವಾ ಅಂತ ಯೋಚಿಸದೆ ಅದೇ ಅಭ್ಯಾಸವಾಗುವುದು ನನಗೆ ಸಂಕಟ ತರುತ್ತದೆ.

ಎರಡನೇ ದಿನ ಸಂಜೆ ಆಕೆಯ ಗಂಡ ಫೋನ್ ಮಾಡಿದರು. ಹಾಲೇ ಬರುತ್ತಿಲ್ಲ ಅಂದರು. ಮಾರನೇ ದಿನ ನಾನು ಹೋದೆ. ಆಕೆಯ ತಾಯಿ ಬಾಗಿಲಲ್ಲೇ ಸಿಕ್ಕರು. "ಮೇಡಂ, ಇವಳಿಗೆ ಶುಗರ್ ಐತೆ. ಈ ಹಾಲು ಕುಡಿಸಿದ್ರೆ ಮಗೀಗೂ ಬರಲ್ವಾ? ಪುಡಿ ಹಾಲೇ ವಾಸಿ ಅಲ್ವಾ?" ಅಂತ ಕೇಳಿದರು. ಸ್ವತಃ ದಿನಾ ಮಾತ್ರೆ ನುಂಗುವ ಹೆಂಗಸು. ಮೊಮ್ಮಗಳಿಗೆ ತಮ್ಮ ಕಾಯಿಲೆ ಬರಬಾರದು ಅನ್ನುವ ಭಯ ಅದು.

"ಇಲ್ಲ ಅಮ್ಮ. ಎದೆಹಾಲಿನ ಸಿಹಿ ಬೇರೆ, ರಕ್ತದ ಶುಗರ್ ಬೇರೆ. ಹಾಲಲ್ಲಿರೋದು ಲ್ಯಾಕ್ಟೋಸ್. ಶುಗರ್ ಇಲ್ಲದ ತಾಯಿ ಹಾಲಲ್ಲೂ ಅಷ್ಟೇ ಇರುತ್ತೆ" ಅಂದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಕೆನ್ನೆಗೆ ಕೈಯಿಟ್ಟು ಕೂತರು. ಆದರೂ ಬೇಡ ಅನ್ನಲಿಲ್ಲ.

ಹಾಲು ತಡವಾಗಿದ್ದಕ್ಕೆ ಕಾರಣ ಇತ್ತು. ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಎದೆ ತುಂಬಿ ಹಾಲು ಇಳಿಯುತ್ತದೆ. ಬಸಿರಿನಲ್ಲಿ ಶುಗರ್ ಇದ್ದವರಲ್ಲಿ, ಇನ್ಸುಲಿನ್ ತೆಗೆದುಕೊಂಡವರಲ್ಲಿ, ತೂಕ ಜಾಸ್ತಿ ಇದ್ದವರಲ್ಲಿ, ಸಿಸೇರಿಯನ್ ಆದವರಲ್ಲಿ ಇದು ತಡವಾಗುತ್ತದೆ. ಹಾಲು ತಯಾರಾಗಲು ಸಹ ಇನ್ಸುಲಿನ್ ಬೇಕು, ಅದರ ಕೆಲಸ ಸರಿಯಾಗಿ ನಡೆಯದಿದ್ದರೆ ಹೀಗಾಗುತ್ತದೆ. ಈ ತಾಯಿಗೆ ಇದರಲ್ಲಿ ಮೂರು ಕಾರಣ ಒಟ್ಟಿಗೆ ಇದ್ದವು. ಇದು ಬರೀ ತಡ, ಹಾಲೇ ಇಲ್ಲ ಅಂತ ಅಲ್ಲ. ಈ ವಿಷಯವನ್ನು ಹೆರಿಗೆಗೆ ಮೊದಲೇ ತಾಯಿಗೆ ಹೇಳಿಟ್ಟರೆ ಅರ್ಧ ಆತಂಕ ಕಡಿಮೆಯಾಗುತ್ತದೆ.

ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಮಗುವನ್ನು ಎದೆಗೆ ಹಚ್ಚಿಸಿದೆವು. ಹೊಲಿಗೆಯ ಮೇಲೆ ಭಾರ ಬೀಳದ ಹಾಗೆ ಮಗ್ಗುಲಲ್ಲಿ ಮಲಗಿ ಕುಡಿಸುವುದನ್ನು ತೋರಿಸಿದೆ. ಆಮೇಲೆ ಕೈಯಲ್ಲಿ ಹಿಂಡಿ, ಬಂದ ನಾಲ್ಕು ಹನಿ ಹಳದಿ ಹಾಲನ್ನೂ ಬಿಡದೆ ಕುಡಿಸಿದೆವು. ಬಾಟಲಿ ಬೇಡ ಅಂದಾಗ ಅಜ್ಜಿ ಹಳೇ ಪೆಟ್ಟಿಗೆಯಿಂದ ಬೆಳ್ಳಿ ಒಳಲೆ ತರಿಸಿದರು. ಇವತ್ತಿಗೂ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ತೊಳೆಯುವುದು ಸುಲಭ, ಮಗುವಿಗೆ ಬಾಟಲಿಯ ಚಟ ಹತ್ತುವುದಿಲ್ಲ. ನಾಲ್ಕನೇ ದಿನ ರಾತ್ರಿ ಹಾಲು ಇಳಿಯಿತು. ಪುಡಿ ಹಾಲನ್ನು ದಿನ ದಿನಕ್ಕೆ ಕಡಿಮೆ ಮಾಡುತ್ತಾ ಎರಡನೇ ವಾರದಲ್ಲಿ ಪೂರ್ತಿ ನಿಲ್ಲಿಸಿದರು.

ಬಾಣಂತಿ ಕೋಣೆಯ ಊಟ

ಮುಂದಿನ ಜಗ್ಗಾಟ ಊಟದ್ದು. ತವರಿನಲ್ಲಿ ಆಕೆಗೆ ಕೊಡುತ್ತಿದ್ದದ್ದು ಹೀಗಿತ್ತು. ಬೆಳಿಗ್ಗೆ ಹಾಲು, ಬನ್ನು ಅಥವಾ ರಸ್ಕು. ಮಧ್ಯಾಹ್ನ, ರಾತ್ರಿ ಬಿಳಿ ಅನ್ನ, ಮೆಣಸಿನ ಸಾರು, ತುಪ್ಪ. ನಡುವೆ ಗ್ರಂದಿಗೆ ಅಂಗಡಿಯ ಬಾಣಂತಿ ಲೇಹ್ಯ, ಕೊಬ್ಬರಿ ಬೆಲ್ಲ, ಅಂಟಿನುಂಡೆ. ಸಕ್ಕರೆ ಹಾಕಿದ ಕಾಫಿ ಎಷ್ಟು ಸಲವೋ. ನೀರು ಮಾತ್ರ ಅಳೆದು ಕೊಡುತ್ತಿದ್ದರು, ಹೊಟ್ಟೆ ದಪ್ಪ ಬರುತ್ತೆ ಅಂತ. ತರಕಾರಿ ಶೀತ, ಕಾಳು ವಾಯು. ಅವರೆಕಾಯಿ ಕಾಲ ಬೇರೆ. ಮನೆ ತುಂಬ ಅವರೆಕಾಯಿ ಸೊಗಡು, ಬಾಣಂತಿಗೆ ಒಂದು ಕಾಳೂ ಇಲ್ಲ.

ಬಾಣಂತನವನ್ನು ಹಳಿಯುವವಳು ನಾನಲ್ಲ. ಮೂರು ತಿಂಗಳು ಕೆಲಸ ಇಲ್ಲ, ಎಣ್ಣೆ ಸ್ನಾನ, ಬೆಚ್ಚಗಿನ ಕೋಣೆ, ಮಗು ಸದಾ ಮಗ್ಗುಲಲ್ಲಿ. ಹಾಲು ಚೆನ್ನಾಗಿ ಬರಲು ಇದಕ್ಕಿಂತ ಇನ್ನೇನು ಬೇಕು? ಒಬ್ಬ ಹೆಣ್ಣುಮಗಳಿಗೆ ಇಡೀ ಬದುಕಿನಲ್ಲಿ ಸಿಗುವ ನಿಜವಾದ ರಜೆ ಅದೊಂದೇ. ತೊಂದರೆ ಇದ್ದದ್ದು ತಟ್ಟೆಯಲ್ಲಿ. ಅದೂ ಈ ತಾಯಿಯಂಥವರ ತಟ್ಟೆಯಲ್ಲಿ.

ಹಾಲು ಕುಡಿಸುವ ತಾಯಿಗೆ ಊಟ ಜಾಸ್ತಿ ಬೇಕು ಅನ್ನುವುದು ನಿಜ. ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು ಅಂತ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ. ಅದೆಲ್ಲ ಬೆಲ್ಲದಿಂದಲೇ ಬರಬೇಕಾ? ಅಜ್ಜಿಯ ಜೊತೆ ಕೂತು ಒಂದೊಂದೇ ಮಾತಾಡಿದೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ, ಮೆಣಸು ಎಲ್ಲ ಇರಲಿ. ತುಪ್ಪ ಒಂದೊಂದು ಚಮಚ ಇರಲಿ. ಬನ್ನು, ರಸ್ಕು ಬೇಡ. ಕಾಫಿಗೆ ಸಕ್ಕರೆ ಬೇಡ. ಲೇಹ್ಯ ಪೂರ್ತಿ ಬಿಡಿ ಅಂದಾಗ ಅವರ ಮುಖ ಬಾಡಿತು, ಹಾಗಾಗಿ ಕಾಲು ಚಮಚ ಅಂತ ಒಪ್ಪಂದ ಆಯಿತು. ಒಂದು ಹೊತ್ತು ಅನ್ನದ ಬದಲು ಸಣ್ಣ ಮುದ್ದೆ, ಜೊತೆಗೆ ಬಟ್ಟಲು ತುಂಬ ಸೊಪ್ಪಿನ ಸಾರು. ದಿನಾ ಎರಡು ಮೊಟ್ಟೆ. ಮುದ್ದೆ ತಿಂದರೆ ಶುಗರ್ ಏರುವುದೇ ಇಲ್ಲ ಅನ್ನುವ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅದು ಸರಿಯಲ್ಲ. ರಾಗಿಯಲ್ಲೂ ಪಿಷ್ಟವೇ ಜಾಸ್ತಿ. ಗಾತ್ರ ಮುಖ್ಯ, ಜೊತೆಗೆ ಏನಿದೆ ಅನ್ನುವುದು ಮುಖ್ಯ. ನೀರು ಬಾಯಾರಿದಷ್ಟೂ ಕುಡಿಯಲಿ ಅಂದೆ. ಇದೊಂದಕ್ಕೆ ಆಕೆಯೇ ಅಮ್ಮನ ಜೊತೆ ಜಗಳ ಆಡಿ ಗೆದ್ದಳು. ಅವರೆಕಾಳಿನ ವಿಷಯದಲ್ಲಿ ಅಜ್ಜಿಯೇ ಗೆದ್ದರು.

ಹಾಲು ಕುಡಿಸಿದರೆ ತಾಯಿಗೆ ಏನು ಲಾಭ

ಎದೆಹಾಲು ಮಗುವಿಗೆ ಒಳ್ಳೆಯದು ಅಂತ ಎಲ್ಲರಿಗೂ ಗೊತ್ತು. ಬಸಿರಿನಲ್ಲಿ ಶುಗರ್ ಬಂದಿದ್ದ ತಾಯಿಗೆ ಅದು ಸ್ವಂತ ಔಷಧಿಯೂ ಹೌದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಈ ತಾಯಿಗೂ ಗೊತ್ತಿರಲಿಲ್ಲ. ಮೊದಲ ಮಗುವಿಗೆ ಮೂರೇ ತಿಂಗಳು ಕುಡಿಸಿ ನಿಲ್ಲಿಸಿದ್ದಳು. ಹುಳದ ಮನೆ ಕೆಲಸ ಕಾಯುತ್ತಿತ್ತು.

ಪೂರ್ತಿ ಎದೆಹಾಲು ಕುಡಿಯುವ ಮಗು ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಕುಡಿಯುತ್ತದೆ. ಅದರಲ್ಲಿ 50 ಗ್ರಾಂನಷ್ಟು ಲ್ಯಾಕ್ಟೋಸ್ ಇರುತ್ತದೆ. ಅದು ತಯಾರಾಗುವುದು ತಾಯಿಯ ರಕ್ತದ ಗ್ಲೂಕೋಸಿನಿಂದ. ಎದೆಯ ಗ್ರಂಥಿ ಈ ಗ್ಲೂಕೋಸನ್ನು ಎಳೆದುಕೊಳ್ಳಲು ಇನ್ಸುಲಿನ್ನಿಗೆ ಹೆಚ್ಚು ಕಾಯುವುದಿಲ್ಲ. ಅಂದರೆ ಸುಸ್ತಾದ ಮೇದೋಜೀರಕ ಗ್ರಂಥಿಯ ಹೊರೆ ಅಷ್ಟು ಇಳಿಯುತ್ತದೆ. ಬಸಿರಿನಲ್ಲಿ ಕೂಡಿಟ್ಟ ಕೊಬ್ಬು ಹಾಲಾಗಿ ಹೊರಗೆ ಹೋಗುತ್ತದೆ. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಇನ್ಸುಲಿನ್ ಮಾಡುವ ಬೀಟಾ ಕೋಶಗಳಲ್ಲಿ ಸೆರೊಟೋನಿನ್ ಹೆಚ್ಚಿಸಿ ಅವುಗಳಿಗೆ ಬಲ ಕೊಡುತ್ತದೆ ಅಂತ ಕೊರಿಯಾದ ವಿಜ್ಞಾನಿಗಳು 2020ರಲ್ಲಿ ತೋರಿಸಿದರು.

ಇದು ತಾಯಂದಿರಲ್ಲಿ ನಿಜವಾಗಿ ಎಷ್ಟು ಕೆಲಸ ಮಾಡುತ್ತದೆ? ಜರ್ಮನಿಯಲ್ಲಿ ಬಸಿರಿನಲ್ಲಿ ಶುಗರ್ ಬಂದಿದ್ದ 304 ಮಹಿಳೆಯರನ್ನು ಆನೆಟ್ ಜೀಗ್ಲರ್ ತಂಡ 19 ವರ್ಷದವರೆಗೆ ಗಮನಿಸಿ 2012ರಲ್ಲಿ ವರದಿ ಕೊಟ್ಟಿತು. ಟೈಪ್ 1 ಅನ್ನುವ ಬೇರೆ ಬಗೆಯ ಮಧುಮೇಹದ ಲಕ್ಷಣ ಇದ್ದವರನ್ನು ಬಿಟ್ಟು ನೋಡಿದಾಗ ಹೀಗಿತ್ತು. ಎದೆಹಾಲು ಕೊಡದವರಲ್ಲಿ ಅರ್ಧದಷ್ಟು ಜನಕ್ಕೆ ಮಧುಮೇಹ ಬರಲು ಹಿಡಿದ ಕಾಲ 2.3 ವರ್ಷ. ಕುಡಿಸಿದವರಲ್ಲಿ 12.3 ವರ್ಷ. ಮೂರು ತಿಂಗಳಿಗಿಂತ ಜಾಸ್ತಿ ಕುಡಿಸಿದವರಲ್ಲಿ ಅಪಾಯ ಎಲ್ಲರಿಗಿಂತ ಕಡಿಮೆ ಇತ್ತು. ಕುಡಿಸಿದವರಿಗೂ ಕುಡಿಸದವರಿಗೂ ಹತ್ತು ವರ್ಷದ ವ್ಯತ್ಯಾಸ. ಮಕ್ಕಳು ಸಣ್ಣವರಿರುವಾಗಿನ ಹತ್ತು ವರ್ಷ.

ಕ್ಯಾಲಿಫೋರ್ನಿಯಾದಲ್ಲಿ ಎರಿಕಾ ಗಂಡರ್ಸನ್ ನಡೆಸಿದ 'ಸ್ವಿಫ್ಟ್' ಅಧ್ಯಯನ ಇನ್ನೂ ಎಚ್ಚರಿಕೆಯದ್ದು. 1,035 ತಾಯಂದಿರನ್ನು ಸೇರಿಸಿಕೊಂಡಿತ್ತು. 2015ರಲ್ಲಿ ಬಂದ ಫಲಿತಾಂಶದ ಪ್ರಕಾರ, ಹತ್ತು ತಿಂಗಳಿಗಿಂತ ಹೆಚ್ಚು ಕುಡಿಸಿದವರಿಗೆ ಎರಡು ವರ್ಷದೊಳಗೆ ಮಧುಮೇಹ ಬರುವ ಅಪಾಯ, ಎರಡು ತಿಂಗಳೊಳಗೆ ನಿಲ್ಲಿಸಿದವರಿಗಿಂತ 57% ಕಡಿಮೆ. ಒಂದು ತಕರಾರು ಸಹಜವಾಗಿ ಬರುತ್ತದೆ. ಯಾರಿಗೆ ಆರೋಗ್ಯ ಮೊದಲೇ ಚೆನ್ನಾಗಿದೆಯೋ ಅವರಿಗೇ ಹಾಲೂ ಚೆನ್ನಾಗಿ ಬಂದಿರಬಹುದು ಅಲ್ವಾ? ಈ ಅಧ್ಯಯನದವರು ಆರರಿಂದ ಒಂಬತ್ತು ವಾರದಲ್ಲೇ ಎಲ್ಲರ ಶುಗರ್, ತೂಕ ಎಲ್ಲ ಅಳೆದು, ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡರು. ಆಮೇಲೂ ಲಾಭ ಉಳಿಯಿತು. ಆದರೂ ಇವೆಲ್ಲ ಗಮನಿಸಿ ಮಾಡಿದ ಅಧ್ಯಯನಗಳು. ನೀನು ಕುಡಿಸು, ನೀನು ಕುಡಿಸಬೇಡ ಅಂತ ಚೀಟಿ ಎತ್ತಿ ತಾಯಂದಿರನ್ನು ಭಾಗ ಮಾಡಲು ಆಗುವುದಿಲ್ಲ, ಮಾಡಬಾರದು ಕೂಡ.

ನಮ್ಮ ರಾಜ್ಯದ್ದೇ ಒಂದು ಅಂಕಿ ನನ್ನನ್ನು ಕಾಡುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 'ಪಾರ್ಥೆನಾನ್' ಅನ್ನುವ ಅಧ್ಯಯನ ನಡೆಯಿತು. ಹೆರಿಗೆಯಾದ ಐದು ವರ್ಷಕ್ಕೆ ನೋಡಿದಾಗ, ಬಸಿರಿನಲ್ಲಿ ಶುಗರ್ ಇದ್ದವರಲ್ಲಿ 37% ಜನಕ್ಕೆ ಮಧುಮೇಹ ಬಂದಿತ್ತು. ಉಳಿದವರಲ್ಲಿ 2%. ಗುಂಪು ಸಣ್ಣದು ನಿಜ. ಆದರೂ ನಮ್ಮ ಹೆಣ್ಣುಮಕ್ಕಳಿಗೆ ಇರುವ ಸಮಯ ಎಷ್ಟು ಕಡಿಮೆ ಅಂತ ಅದು ಹೇಳುತ್ತದೆ.

ಇದನ್ನೆಲ್ಲ ಈ ತಾಯಿಗೆ ನಾನು ಹೇಳಿದ್ದು ಎರಡೇ ಮಾತಿನಲ್ಲಿ. "ನೀನು ಕುಡಿಸಿದಷ್ಟು ದಿನ ನಿನ್ನ ದೇಹಕ್ಕೂ ಸುಧಾರಿಸಿಕೊಳ್ಳೋಕೆ ಟೈಮ್ ಸಿಗುತ್ತೆ. ಮೂರು ತಿಂಗಳಿಗೆ ನಿಲ್ಲಿಸಬೇಡ."

ಇಷ್ಟೂ ಬರೆದ ಮೇಲೆ ಇನ್ನೊಂದು ಮಾತು ಹೇಳಲೇಬೇಕು. ಎಷ್ಟೇ ಪ್ರಯತ್ನ ಪಟ್ಟರೂ ಹಾಲು ಸಾಲದ ತಾಯಂದಿರು ಇದ್ದಾರೆ. ಅವರ ಮೇಲೆ ಈ ಅಂಕಿಗಳನ್ನು ಯಾರೂ ಎಸೆಯಬಾರದು. ಸ್ವಲ್ಪ ಕುಡಿಸಿದರೂ ಅದು ವ್ಯರ್ಥ ಅಲ್ಲ. ಆಗಲೇ ಇಲ್ಲ ಅಂದರೂ ದಾರಿ ಇದೆ. ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ, ಹಿಂದೆ ಬಸಿರಿನಲ್ಲಿ ಶುಗರ್ ಬಂದು ಈಗ ಮಧುಮೇಹದ ಅಂಚಿನಲ್ಲಿದ್ದ ಮಹಿಳೆಯರಿಗೆ ತೂಕ ಇಳಿಸಿ ನಡಿಗೆ ಮಾಡಿದ್ದರಿಂದ ಅಪಾಯ ಅರ್ಧಕ್ಕೆ ಇಳಿಯಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದಲೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಆ ಮಾತ್ರೆ ತೆಗೆದುಕೊಳ್ಳುವವರೂ ಹಾಲು ಕುಡಿಸಬಹುದು, ಹಾಲಿಗೆ ಸೇರುವುದು ತೀರಾ ಕಡಿಮೆ. ಇನ್ಸುಲಿನ್ ತೆಗೆದುಕೊಳ್ಳುವವರೂ ಕುಡಿಸಬಹುದು. ಅವರು ಕುಡಿಸುವ ಹೊತ್ತಿಗೆ ಏನಾದರೂ ತಿಂದಿರಬೇಕು, ಶುಗರ್ ಇಳಿದುಹೋಗುವ ಸಾಧ್ಯತೆ ಇರುತ್ತದೆ.

ಆರನೇ ವಾರ, ಎರಡು ಊರಿನ ನಡುವೆ

ಹೆರಿಗೆಯಾದ ಆರನೇ ವಾರಕ್ಕೆ ತಾಯಿಗೆ ಮತ್ತೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಆಗಬೇಕು. ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಇದೆ. ಯಾಕೆ ತಪ್ಪಿಹೋಗುತ್ತದೆ? ತಾಯಂದಿರ ಅಸಡ್ಡೆ ಅಂತ ಹೇಳುವವರನ್ನು ಕೇಳಿದ್ದೇನೆ. ನನ್ನ ಅನುಭವ ಬೇರೆ.

ಈ ತಾಯಿಯ ತಪಾಸಣೆ ನಡೆದದ್ದು ಶಿಡ್ಲಘಟ್ಟದಲ್ಲಿ. ಹೆರಿಗೆ, ಬಾಣಂತನ ಚಿಂತಾಮಣಿ ಕಡೆ. ಗಂಡನ ಊರಿನ ಆಶಾ ಅಕ್ಕನಿಗೆ ಆಕೆಗೆ ಶುಗರ್ ಇತ್ತು ಅಂತ ಗೊತ್ತು, ಆದರೆ ಆಕೆ ಊರಲ್ಲಿಲ್ಲ. ತವರಿನ ಆಶಾ ಅಕ್ಕನಿಗೆ ಮಗುವಿನ ಲಸಿಕೆ ಗೊತ್ತು, ಶುಗರ್ ವಿಷಯ ಗೊತ್ತಿಲ್ಲ. ನರ್ಸಿಂಗ್ ಹೋಮಿನ ಡಿಸ್ಚಾರ್ಜ್ ಚೀಟಿಯಲ್ಲಿ ಹೊಲಿಗೆ ಬಗ್ಗೆ ಇತ್ತು, ಪರೀಕ್ಷೆ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಮೂರು ತಿಂಗಳು ಬಾಣಂತಿ ಹೊಸಿಲು ದಾಟಿ ಓಡಾಡಬಾರದು ಅನ್ನುವುದು ಬೇರೆ. ಇಷ್ಟರ ನಡುವೆ ಒಂದು ಪರೀಕ್ಷೆ ಕಳೆದುಹೋಗುವುದು ಎಷ್ಟು ಸುಲಭ ನೋಡಿ.

ಹೊಸಿಲು ದಾಟಲು ಎಲ್ಲರೂ ಒಪ್ಪುವ ಒಂದು ದಿನ ಇದೆ. ಆರನೇ ವಾರದ ಪೆಂಟಾ ಲಸಿಕೆಯ ದಿನ. ಅದೇ ದಿನಕ್ಕೆ ತಾಯಿಯ ಪರೀಕ್ಷೆಯನ್ನೂ ಸೇರಿಸಿದೆವು. ತಾಯಿ ಕಾರ್ಡಿನ ಲಸಿಕೆ ಪುಟದಲ್ಲಿ, ಮಗುವಿನ ಸಾಲಿನ ಪಕ್ಕದಲ್ಲೇ, ಕೆಂಪು ಶಾಯಿಯಲ್ಲಿ "ಅಮ್ಮನಿಗೆ ಶುಗರ್ ಟೆಸ್ಟ್, ಬರಿಹೊಟ್ಟೆ" ಅಂತ ಬರೆದೆ. ಬೇರೆ ಪುಟದಲ್ಲಿ ಬರೆದರೆ ಯಾರೂ ನೋಡುವುದಿಲ್ಲ.

ಜನವರಿಯ ಚಳಿಯಲ್ಲಿ ತಲೆಗೆ ಸ್ಕಾರ್ಫ್ ಸುತ್ತಿ, ಕಿವಿಗೆ ಹತ್ತಿ ಇಟ್ಟುಕೊಂಡು ಬಂದರು. ಎರಡು ಗಂಟೆ ಕಾಯುವಾಗ ಮಗು ಅತ್ತರೆ ಕುಡಿಸಬಹುದಾ ಅಂತ ಕೇಳಿದಳು. ಖಂಡಿತ ಕುಡಿಸು ಅಂದೆ. ಅದರಿಂದ ಅಂಕಿ ಸ್ವಲ್ಪ ಕೆಳಗೆ ಬರಬಹುದು, ಅಷ್ಟೇ. ಮಗುವನ್ನು ಅಳಿಸುವ ಅಗತ್ಯ ಇಲ್ಲ.

ಬರಿಹೊಟ್ಟೆಯಲ್ಲಿ 106. ಎರಡು ಗಂಟೆಗೆ 162.

ಬರಿಹೊಟ್ಟೆ 126 ಅಥವಾ ಎರಡು ಗಂಟೆಗೆ 200 ದಾಟಿದರೆ ಮಧುಮೇಹ. 140ರ ಒಳಗಿದ್ದರೆ ಸರಿ. ಈಕೆ ನಡುವೆ ನಿಂತಿದ್ದಳು. ಬರಿಹೊಟ್ಟೆಯದ್ದು ಒಂದನ್ನೇ ನೋಡಿದ್ದರೆ "ಸ್ವಲ್ಪ ಜಾಸ್ತಿ, ಪರವಾಗಿಲ್ಲ" ಅಂತ ಕಳಿಸಿಬಿಡುತ್ತಿದ್ದರು. ಎರಡು ಗಂಟೆಯ ಅಂಕಿ ನಿಜ ಹೇಳಿತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿದರೆ ಸಾಲದಾ ಅಂತ ಅಲ್ಲಿದ್ದ ಒಬ್ಬರು ಕೇಳಿದರು. ಹೆರಿಗೆಯಲ್ಲಿ ರಕ್ತ ಹೋಗಿರುತ್ತದೆ, ಆಕೆಯ ಹಿಮೋಗ್ಲೋಬಿನ್ 9.6 ಇತ್ತು. ಇಂಥ ಹೊತ್ತಿನಲ್ಲಿ ಆ ಪರೀಕ್ಷೆಯನ್ನು ನಂಬುವ ಹಾಗಿಲ್ಲ.

ಅದೇ ದಿನ ಕಾಪರ್ ಟಿ ಹಾಕಿಸಿಕೊಂಡಳು. ಮುಂದೆ ಮಗು ಬೇಕು ಅಂದರೆ ಬಸಿರಿಗೆ ಮೊದಲೇ ಶುಗರ್ ನೋಡಿಸಬೇಕು ಅಂತ ಡಾಕ್ಟರು ಗಂಡ ಹೆಂಡತಿ ಇಬ್ಬರಿಗೂ ಹೇಳಿದರು.

ಹುಳದ ಮನೆಗೆ ವಾಪಸ್

ಐದನೇ ತಿಂಗಳಲ್ಲಿ ಗಂಡನ ಮನೆಗೆ ಬಂದಳು. ಬೇಸಿಗೆ. ರೇಷ್ಮೆ ಸಾಕುವ ಮನೆಯವರಿಗೆ ಗೊತ್ತು, ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹೊತ್ತು) ಎದ್ದ ಮೇಲೆ ಹುಳ ತಿನ್ನುವ ತಿನ್ನಾಟ ಎಂಥದ್ದು ಅಂತ. ಸೊಪ್ಪು ಕೊಯ್ದು, ಹೊತ್ತು, ಹಾಕಿ ಮುಗಿಸುವಷ್ಟರಲ್ಲಿ ಮತ್ತೆ ಖಾಲಿ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಯಾರಿಗೂ ಊಟಕ್ಕೂ ಬಿಡುವಿಲ್ಲ. ಕಾರ್ಖಾನೆ ಕೆಲಸದವರಿಗಾದರೂ ಕಾನೂನಿನಲ್ಲಿ 26 ವಾರ ಹೆರಿಗೆ ರಜೆ ಇದೆ. ಸ್ವಂತ ಹುಳದ ಮನೆಯಲ್ಲಿ ದುಡಿಯುವವಳಿಗೆ ರಜೆ ಕೊಡುವವರು ಯಾರು?

ಗಂಡ ಮತ್ತು ಅತ್ತೆ ಜೊತೆ ಕೂತು ಮಾತಾಡಿದೆವು. ಅತ್ತೆ ಮೊದಲು, "ನಾವೆಲ್ಲ ಹಡೆದು ತಿಂಗಳಿಗೇ ಸೊಪ್ಪು ಹೊತ್ತಿಲ್ವಾ?" ಅಂದರು. ಮಗ, "ನಿನ್ನ ಕಾಲದ ಮಾತು ಬಿಡಮ್ಮ, ಇವಳಿಗೆ ಇನ್ಸುಲಿನ್ ಚುಚ್ಚಿದವನು ನಾನು" ಅಂದರು. ಅಲ್ಲಿಗೆ ಮಾತು ತಿರುಗಿತು. ರಾತ್ರಿಯ ಸೊಪ್ಪು ಗಂಡ ಹಾಕುವುದು, ಬೆಳಗಿನದು ಆಕೆ. ಕೆಲಸಕ್ಕೆ ಹೋಗುವ ಮುಂಚೆ ಹಿಂಡಿಟ್ಟ ಹಾಲನ್ನು ಅತ್ತೆ ಒಳಲೆಯಲ್ಲಿ ಕುಡಿಸುವುದು. ಹಿಂಡಿದ ಹಾಲು ಹೊರಗಿಟ್ಟರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಆ ಸೆಕೆಯಲ್ಲಿ ಇನ್ನೂ ಬೇಗ. ಮನೆಯಲ್ಲಿ ಫ್ರಿಜ್ ಇದ್ದದ್ದು ಅನುಕೂಲವಾಯಿತು. ಹುಳದ ಮನೆಗೆ ಫಾರ್ಮಲಿನ್, ಬ್ಲೀಚಿಂಗ್ ಪುಡಿ ಹಾಕುತ್ತಾರೆ, ಹಾಗಾಗಿ ಮಗುವನ್ನು ಒಳಗೆ ಕರೆದೊಯ್ಯುವ ಹಾಗಿಲ್ಲ. ಕೈ ತೊಳೆದು, ಸೀರೆ ಮೇಲಿನ ಶರ್ಟ್ ಬಿಚ್ಚಿಟ್ಟು ಬಂದು ಕುಡಿಸುವುದು ರೂಢಿಯಾಯಿತು.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರು ಮಾಡಿದರು, ಎದೆಹಾಲೂ ನಡೆಯಿತು. ಒಟ್ಟು 20 ತಿಂಗಳು ಕುಡಿಸಿದಳು.

ಅಂಕಿಗಳು ಹೇಳಿದ್ದು

ಆರನೇ ವಾರದಲ್ಲಿ ಆಕೆಯ ತೂಕ 68 ಕೆಜಿ. 13ನೇ ತಿಂಗಳಲ್ಲಿ 61. ಬಸಿರಿಗೆ ಮುಂಚಿನದಕ್ಕಿಂತ ಎರಡು ಕೆಜಿ ಕಡಿಮೆ. ಆಗ ಮಾಡಿದ ಗ್ಲೂಕೋಸ್ ಪರೀಕ್ಷೆಯಲ್ಲಿ ಬರಿಹೊಟ್ಟೆ 97, ಎರಡು ಗಂಟೆಗೆ 138. ಗೆರೆಯ ಒಳಗೆ ಬಂದಿದ್ದಳು. ಇದರಲ್ಲಿ ಎದೆಹಾಲಿನ ಪಾಲೆಷ್ಟು, ಸಣ್ಣದಾದ ಮುದ್ದೆಯ ಪಾಲೆಷ್ಟು, ತೋಟದ ಓಡಾಟದ ಪಾಲೆಷ್ಟು ಅಂತ ಒಬ್ಬ ತಾಯಿಯನ್ನು ನೋಡಿ ಬೇರ್ಪಡಿಸಲು ಆಗುವುದಿಲ್ಲ. ಹಾಲು ಕುಡಿಸುತ್ತಾ ಇರಬೇಕು ಅಂತಲೇ ಆಕೆ ಊಟ ನೋಡಿಕೊಂಡಳು, ಅದೂ ಇದೆ.

ಮುಂದಿನ ವರ್ಷದ ಪರೀಕ್ಷೆಯ ದಿನ ಆಕೆ ಬರಲಿಲ್ಲ. ಹುಳ ನಾಲ್ಕನೇ ಜ್ವರದಲ್ಲಿತ್ತು. ಆಶಾ ಅಕ್ಕ ಬಿಡದೆ ಹೇಳಿ, ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ಮೇಲೆ ಕಳಿಸಿಕೊಟ್ಟರು. ಹಾಲು ನಿಲ್ಲಿಸಿ ಆಗಲೇ ಕೆಲವು ತಿಂಗಳಾಗಿತ್ತು. ತೂಕ 64. ಬರಿಹೊಟ್ಟೆ 101, ಎರಡು ಗಂಟೆಗೆ 147.

ಆಕೆ ತುಂಬಾ ಬೇಜಾರು ಮಾಡಿಕೊಂಡಳು. "ಇಷ್ಟೆಲ್ಲ ಮಾಡಿದ್ದು ಸುಮ್ನೆ ಆಯ್ತಾ ಮೇಡಂ?" ಅಂದಳು. ಸುಮ್ನೆ ಆಗಿಲ್ಲ. 30ಕ್ಕೆ ಹತ್ತಿರ ಬಂದರೂ ಆಕೆಗೆ ಇನ್ನೂ ಮಧುಮೇಹ ಬಂದಿಲ್ಲ. ಗೆರೆ ದಾಟುತ್ತಿರುವುದು ಮೊದಲ ಹಂತದಲ್ಲೇ ಕಣ್ಣಿಗೆ ಬಿದ್ದಿದೆ. ಪರೀಕ್ಷೆ ಮಾಡಿಸದೆ ಇದ್ದಿದ್ದರೆ ಇನ್ನೈದು ವರ್ಷ ಬಿಟ್ಟು, ಕಾಲು ಉರಿ ಅಂತಲೋ ಗಾಯ ಮಾಯುತ್ತಿಲ್ಲ ಅಂತಲೋ ಬರುತ್ತಿದ್ದಳು. ಹಾಗೆ ಬರುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಅವರಲ್ಲಿ ಎಷ್ಟೋ ಜನ, "ಬಸುರಿ ಇದ್ದಾಗ ಒಂದ್ಸಲ ಬಂದಿತ್ತು, ಆಮೇಲೆ ಹೋಯ್ತು" ಅನ್ನುತ್ತಾರೆ.

ಡಾಕ್ಟರು ಸದ್ಯಕ್ಕೆ ಮಾತ್ರೆ ಬೇಡ ಅಂದಿದ್ದಾರೆ. ನಾಲ್ಕು ಕೆಜಿ ಇಳಿಸಬೇಕು, ಆರು ತಿಂಗಳಿಗೆ ಮತ್ತೆ ಪರೀಕ್ಷೆ, ಆಗ ಏರಿದ್ದರೆ ಮೆಟ್‌ಫಾರ್ಮಿನ್. ದೊಡ್ಡ ಮಗನ ತೂಕ ವಯಸ್ಸಿಗಿಂತ ಜಾಸ್ತಿ ಇದೆ, ಸಂಜೆಯ ಬಿಸ್ಕತ್ ಪೊಟ್ಟಣ ನಿಲ್ಲಿಸಲು ಹೇಳಿದ್ದೇವೆ. ಪರೀಕ್ಷೆಯ ದಿನವನ್ನು ಈ ಸಲ ಹುಳದ ಬೆಳೆ ನೋಡಿಕೊಂಡೇ ಗೊತ್ತು ಮಾಡಿದೆವು. ಆ ದಿನ ಅತ್ತೆಯನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ. ಅವರು ಇದುವರೆಗೆ ಒಂದು ಸಲವೂ ಶುಗರ್ ನೋಡಿಸಿಲ್ಲ.